ಉಳಿತಾಯ ಬಜೆಟ್ಟೂ ಬತ್ತಿದ ನಲ್ಲಿಯೂ



ಫೆಬ್ರವರಿ, ಮಾರ್ಚ್ ತಿಂಗಳು ಬಂತೆಂದರೆ ನಿಮಗೆ ಪರೀಕ್ಷೆಯ ಚಿಂತೆ, ನಿಮ್ಮ ಊರಿನ ಪುರಸಭೆಗೆ ಬಜೆಟ್ಟಿನ ಚಿಂತೆ. ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಒಂದು ಸುದ್ದಿ ಪ್ರತಿವರ್ಷವೂ ತಪ್ಪದೆ ಕಾಣಿಸಿಕೊಳ್ಳುತ್ತದೆ: ‘ಪುರಸಭೆ: ಉಳಿತಾಯ ಬಜೆಟ್ ಮಂಡನೆ’. ಅದೇ ಪುಟದ ಇನ್ನೊಂದು ಮೂಲೆಯಲ್ಲಿ ‘ನೀರಿಗಾಗಿ ಖಾಲಿ ಕೊಡ ಪ್ರದರ್ಶನ’ ಎಂಬ ಸುದ್ದಿಯೂ ಇರಬಹುದು. ಹಣ ಉಳಿದಿದ್ದರೆ ನೀರು ಏಕಿಲ್ಲ? ನೀರು ಕೊಡಲು ಹಣ ಸಾಲದೆಂದರೆ ಉಳಿದದ್ದಾದರೂ ಏನು? ಮಕ್ಕಳು ಕೇಳುವ ಈ ಪ್ರಶ್ನೆ ದೊಡ್ಡವರು ಕೇಳಬೇಕಾದ ಪ್ರಶ್ನೆಯೂ ಹೌದು. ಇದಕ್ಕೆ ಉತ್ತರ ಹುಡುಕಲು ಅರ್ಥಶಾಸ್ತ್ರದ ಪದವಿ ಬೇಕಿಲ್ಲ. ಏಳನೆಯ ತರಗತಿಯ ಗಣಿತ, ಒಂಬತ್ತನೆಯ ತರಗತಿಯ ವಿಜ್ಞಾನ ಸಾಕು.

ನಾಲ್ಕು ಊರು, ಒಂದೇ ಕಾನೂನು

ನಮ್ಮ ಮಂಡ್ಯ ಜಿಲ್ಲೆಯ ನಾಲ್ಕು ತಾಲ್ಲೂಕು ಕೇಂದ್ರಗಳನ್ನು ತೆಗೆದುಕೊಳ್ಳೋಣ. ಶ್ರೀರಂಗಪಟ್ಟಣ ಕಾವೇರಿಯ ನಡುವಿನ ದ್ವೀಪ, 1799ರವರೆಗೆ ರಾಜಧಾನಿಯಾಗಿದ್ದ ಊರು. ಪಾಂಡವಪುರ ಹಿಂದೆ ‘ಫ್ರೆಂಚ್ ರಾಕ್ಸ್’ ಎಂದು ಕರೆಸಿಕೊಂಡಿತ್ತು. ಹೈದರ್, ಟಿಪ್ಪು ಇವರ ಬಳಿಯಿದ್ದ ಫ್ರೆಂಚ್ ಸೈನಿಕರ ಬಿಡಾರದಿಂದ ಬಂದ ಹೆಸರು ಅದು. ಕೃಷ್ಣರಾಜಪೇಟೆಯ ಹಳೆಯ ಹೆಸರು ಅತ್ತಿಕುಪ್ಪೆ. ನಾಗಮಂಗಲ ಸೌಮ್ಯಕೇಶವನ ಊರು. ಚರಿತ್ರೆ ಬೇರೆ ಬೇರೆಯಾದರೂ ಈ ನಾಲ್ಕೂ ಊರಿನ ಬೀದಿದೀಪ, ಚರಂಡಿ, ನಲ್ಲಿಗಳ ಆಡಳಿತ ನಡೆಯುವುದು ಒಂದೇ ಕಾನೂನಿನ ಕೆಳಗೆ. ಅದೇ 1964ರ ಕರ್ನಾಟಕ ಪುರಸಭೆಗಳ ಅಧಿನಿಯಮ.

ಈ ಕಾನೂನಿನಲ್ಲಿ ಊರಿನ ದರ್ಜೆಯನ್ನು ಮುಖ್ಯವಾಗಿ ಜನಸಂಖ್ಯೆಯೇ ನಿರ್ಧರಿಸುತ್ತದೆ. 10 ಸಾವಿರದಿಂದ 20 ಸಾವಿರದವರೆಗೆ ಪಟ್ಟಣ ಪಂಚಾಯಿತಿ, 20 ಸಾವಿರದಿಂದ 50 ಸಾವಿರದವರೆಗೆ ಪುರಸಭೆ, ಅದಕ್ಕೂ ಮೇಲೆ 3 ಲಕ್ಷದವರೆಗೆ ನಗರಸಭೆ. 2001ರ ಜನಗಣತಿಯಲ್ಲಿ ಶ್ರೀರಂಗಪಟ್ಟಣ 20 ಸಾವಿರ ದಾಟಿತ್ತು, ಪಾಂಡವಪುರ ಮತ್ತು ನಾಗಮಂಗಲ ದಾಟಿರಲಿಲ್ಲ. ಆದ್ದರಿಂದಲೇ ಅವೆರಡೂ ಮೊದಲು ಪಟ್ಟಣ ಪಂಚಾಯಿತಿಗಳಾಗಿದ್ದು ಆಮೇಲೆ ಮೇಲ್ದರ್ಜೆಗೇರಿದವು.

1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿ ಈ ಸಂಸ್ಥೆಗಳಿಗೆ ಹೊಸ ಬಲ ಕೊಟ್ಟಿತು. ಐದು ವರ್ಷದ ಅವಧಿ, ಕಾಲಕಾಲಕ್ಕೆ ಚುನಾವಣೆ, ಮಹಿಳೆಯರಿಗೆ ಕನಿಷ್ಠ ಮೂರನೆಯ ಒಂದು ಭಾಗ ಸ್ಥಾನ, 12ನೆಯ ಅನುಸೂಚಿಯಲ್ಲಿ 18 ವಿಷಯಗಳ ಪಟ್ಟಿ: ಇವೆಲ್ಲ ಅದರಿಂದ ಬಂದವು. ಕುಡಿಯುವ ನೀರು, ನೈರ್ಮಲ್ಯ, ರಸ್ತೆ, ಬೀದಿದೀಪ, ಉದ್ಯಾನ, ಸ್ಮಶಾನ, ಜನನ ಮರಣ ನೋಂದಣಿ ಎಲ್ಲವೂ ಆ ಪಟ್ಟಿಯಲ್ಲಿವೆ. ಮಗು ಹುಟ್ಟಿದ ದಿನದಿಂದ ಮನುಷ್ಯ ಮಣ್ಣು ಸೇರುವವರೆಗೆ ಪುರಸಭೆಯ ಪುಸ್ತಕದಲ್ಲಿ ನಮ್ಮ ಹೆಸರು ಒಂದಲ್ಲ ಒಂದು ಕಡೆ ಇದ್ದೇ ಇರುತ್ತದೆ.

ಹಣ ಎಲ್ಲಿಂದ ಬರುತ್ತದೆ?

ಅಪ್ಪನ ಸಂಬಳ, ಅಜ್ಜನ ಮನೆಯಿಂದ ಬರುವ ರಾಗಿ ಅಕ್ಕಿ, ಬ್ಯಾಂಕಿನ ಸಾಲ: ಒಂದು ಮನೆಗೆ ಹೀಗೆ ಮೂರು ದಾರಿಯಿಂದ ಆದಾಯ ಬರಬಹುದು. ಪುರಸಭೆಗೂ ಹಾಗೆಯೇ. ಸ್ವಂತ ಗಳಿಕೆ ಎಂದರೆ ಆಸ್ತಿ ತೆರಿಗೆ, ನೀರಿನ ಶುಲ್ಕ, ಮಳಿಗೆ ಬಾಡಿಗೆ, ಸಂತೆ ಸುಂಕದ ಹರಾಜು, ವ್ಯಾಪಾರ ಪರವಾನಗಿ ಶುಲ್ಕ ಮುಂತಾದವು. ಎರಡನೆಯದು ರಾಜ್ಯ ಹಣಕಾಸು ಆಯೋಗದ ಶಿಫಾರಸಿನಂತೆ ಬರುವ ಅನುದಾನ. ಮೂರನೆಯದು ಕೇಂದ್ರ ಹಣಕಾಸು ಆಯೋಗದ ಅನುದಾನ.

ನಿಮ್ಮ ಅಜ್ಜಂದಿರನ್ನು ಕೇಳಿದರೆ ‘ಆಕ್ಟ್ರಾಯ್ ನಾಕಾ’ದ ಕಥೆ ಹೇಳಿಯಾರು. ಊರಿನೊಳಗೆ ಬರುವ ಸರಕಿನ ಗಾಡಿಗೆ ಊರ ಬಾಗಿಲಲ್ಲೇ ಸುಂಕ ಎತ್ತುವ ಪದ್ಧತಿ ಅದು. ನಮ್ಮ ರಾಜ್ಯದಲ್ಲಿ ಆಕ್ಟ್ರಾಯ್ 1979ರಲ್ಲಿ ರದ್ದಾಯಿತು. ಲಾರಿಗಳು ಸಾಲುಗಟ್ಟಿ ನಿಲ್ಲುವುದು ತಪ್ಪಿದ್ದು ಒಳ್ಳೆಯದೇ. ಆದರೆ ಸ್ಥಳೀಯ ಸಂಸ್ಥೆಯ ಕೈಯಲ್ಲಿದ್ದ ದೊಡ್ಡದೊಂದು ಆದಾಯ ಹೋಗಿ, ಅದರ ಬದಲಿಗೆ ಸರ್ಕಾರದ ಅನುದಾನಕ್ಕೆ ಕಾಯುವ ಸ್ಥಿತಿ ಬಂತು.

ಅನುದಾನಕ್ಕೆ ಷರತ್ತುಗಳೂ ಇರುತ್ತವೆ. ಉದಾಹರಣೆಗೆ 2021ರಿಂದ 2026ರವರೆಗಿನ ಅವಧಿಗೆ 15ನೆಯ ಹಣಕಾಸು ಆಯೋಗ ಸಣ್ಣ ಊರುಗಳಿಗೆ ಶಿಫಾರಸು ಮಾಡಿದ ಹಣದಲ್ಲಿ ನೂರಕ್ಕೆ 60 ಪಾಲು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ನೀರಿಗೆಂದು ಬಂದ ಹಣದಲ್ಲಿ ಸ್ವಾಗತ ಕಮಾನು ಕಟ್ಟುವಂತಿಲ್ಲ. ಪಾಲಕರು ಇದನ್ನು ನೆನಪಿಡಬೇಕು. ‘ಹಣ ಬಂದಿದೆಯಂತೆ, ನಮ್ಮ ಬೀದಿಗೆ ಡಾಂಬರು ಏಕಿಲ್ಲ?’ ಎಂದು ಕೇಳುವ ಮೊದಲು ಯಾವ ಹಣ, ಯಾವುದಕ್ಕೆಂದು ಬಂದದ್ದು ಎಂದು ವಿಚಾರಿಸಬೇಕು.

‘ಉಳಿತಾಯ’ದ ಗುಟ್ಟು

ಈಗ ಮೊದಲಿನ ಪ್ರಶ್ನೆಗೆ ಬರೋಣ. ಬಜೆಟ್ ಎಂದರೆ ನಡೆದು ಹೋದದ್ದರ ಲೆಕ್ಕವಲ್ಲ, ನಡೆಯಬಹುದಾದದ್ದರ ಅಂದಾಜು. ವರ್ಷದ ಮೊದಲಿಗೆ ಕೈಯಲ್ಲಿರುವ ಆರಂಭಿಕ ಶಿಲ್ಕು, ಬರಬಹುದಾದ ಆದಾಯ ಇವೆರಡನ್ನೂ ಕೂಡಿ ಅದರಿಂದ ಖರ್ಚಿನ ಅಂದಾಜನ್ನು ಕಳೆದಾಗ ಸಿಗುವ ಅಂಕಿಯೇ ‘ಉಳಿತಾಯ’. ಆದಾಯದ ಅಂದಾಜನ್ನು ದೊಡ್ಡದಾಗಿ ಬರೆದುಕೊಂಡರೆ ಉಳಿತಾಯವೂ ತಾನಾಗಿ ದೊಡ್ಡದಾಗುತ್ತದೆ!

ಒಂದು ಕಾಲ್ಪನಿಕ ಊರನ್ನು ಊಹಿಸಿಕೊಳ್ಳಿ. ಅಲ್ಲಿ 8,000 ಆಸ್ತಿಗಳಿವೆ. ಒಂದೊಂದಕ್ಕೆ ಸರಾಸರಿ 1,000 ರೂಪಾಯಿ ತೆರಿಗೆ. ಬಜೆಟ್ಟಿನಲ್ಲಿ ಬರೆಯುವ ಆದಾಯ 80 ಲಕ್ಷ. ಖರ್ಚಿಗೆ 75 ಲಕ್ಷ ತೋರಿಸಿದರೆ ಉಳಿತಾಯ 5 ಲಕ್ಷ. ಚಪ್ಪಾಳೆ! ಆದರೆ ವರ್ಷದ ಕೊನೆಯಲ್ಲಿ ವಸೂಲಾದದ್ದು ನೂರಕ್ಕೆ 60 ಮಾತ್ರ, ಅಂದರೆ 48 ಲಕ್ಷ. 75 ಲಕ್ಷದ ಕೆಲಸಕ್ಕೆ 27 ಲಕ್ಷ ಕೊರತೆ. ಆಗ ಏನಾಗುತ್ತದೆ? ಸಂಬಳ ನಿಲ್ಲಿಸುವಂತಿಲ್ಲ, ಪಂಪಿನ ಕರೆಂಟು ಕಡಿಯುವಂತಿಲ್ಲ. ಕತ್ತರಿ ಬೀಳುವುದು ಚರಂಡಿಯ ಹೂಳೆತ್ತುವುದಕ್ಕೆ, ಒಡೆದ ಪೈಪು ಬದಲಿಸುವುದಕ್ಕೆ. ಉಳಿತಾಯದ ಸುದ್ದಿ ಮಾರ್ಚಿಯಲ್ಲಿ ಅಚ್ಚಾಗುತ್ತದೆ, ಖಾಲಿ ಕೊಡದ ಸುದ್ದಿ ಮುಂದಿನ ಬೇಸಿಗೆಯಲ್ಲಿ.

ಆದ್ದರಿಂದ ಬಜೆಟ್ ಪುಸ್ತಕ ಸಿಕ್ಕಾಗ ಕೊನೆಯ ಸಾಲಿನ ಉಳಿತಾಯವನ್ನು ನೋಡಬೇಡಿ. ಅದರಲ್ಲಿ ಅಕ್ಕಪಕ್ಕ ಕಾಲಂಗಳಿರುತ್ತವೆ: ಹಿಂದಿನ ವರ್ಷ ನಿಜವಾಗಿ ಬಂದದ್ದು, ಈ ವರ್ಷದ ಅಂದಾಜು, ಪರಿಷ್ಕೃತ ಅಂದಾಜು, ಮುಂದಿನ ವರ್ಷದ ಅಂದಾಜು. ಮೊದಲನೆಯದನ್ನೂ ಕೊನೆಯದನ್ನೂ ಹೋಲಿಸಿ. ಕಳೆದ ವರ್ಷ 48 ಬಂದ ಕಡೆ ಮುಂದಿನ ವರ್ಷಕ್ಕೆ 90 ಎಂದು ಬರೆದಿದ್ದರೆ, ‘ಹೇಗೆ ಬರುತ್ತದೆ ಸ್ವಾಮಿ?’ ಎಂದು ಕೇಳುವ ಹಕ್ಕು ನಿಮ್ಮ ತಂದೆ ತಾಯಿಗೆ ಇದೆ.

ಒಂದು ಕೊಡ ನೀರಿನ ಭೌತಶಾಸ್ತ್ರ

ಖರ್ಚಿನ ಕಡೆಗೆ ಬಂದರೆ ನೀರಿನ ಬಾಬ್ತು ಸಣ್ಣದಲ್ಲ. ಏಕೆಂದು ನಾವೇ ಲೆಕ್ಕ ಮಾಡಿ ನೋಡೋಣ. ಒಳಚರಂಡಿ ಇರುವ ಊರಿನಲ್ಲಿ ತಲೆಗೆ ದಿನಕ್ಕೆ 135 ಲೀಟರ್ ನೀರು ಕೊಡಬೇಕೆಂಬುದು ಎಂಜಿನಿಯರುಗಳು ಬಳಸುವ ಮಾನದಂಡ. 25 ಸಾವಿರ ಜನರ ಊರಿಗೆ ದಿನಕ್ಕೆ 33 ಲಕ್ಷ 75 ಸಾವಿರ ಲೀಟರ್. ಲೀಟರಿಗೆ ಒಂದು ಕಿಲೋಗ್ರಾಂ, ಆದ್ದರಿಂದ ತೂಕವೂ ಅಷ್ಟೇ ಕಿಲೋಗ್ರಾಂ.

ಈ ನೀರನ್ನು ಹೊಳೆಯ ಮಟ್ಟದಿಂದ ಮೇಲ್ಮಟ್ಟದ ತೊಟ್ಟಿಗೆ ಒಟ್ಟು 40 ಮೀಟರ್ ಎತ್ತಬೇಕು ಎಂದಿಟ್ಟುಕೊಳ್ಳಿ. ದ್ರವ್ಯರಾಶಿ, ಗುರುತ್ವವೇಗೋತ್ಕರ್ಷ, ಎತ್ತರ ಈ ಮೂರನ್ನು ಗುಣಿಸಿದರೆ ಬೇಕಾದ ಶಕ್ತಿ ಸಿಗುತ್ತದೆ: 132 ಕೋಟಿ 30 ಲಕ್ಷ ಜೂಲ್. ಒಂದು ಯೂನಿಟ್ ವಿದ್ಯುತ್ ಎಂದರೆ 36 ಲಕ್ಷ ಜೂಲ್. ಭಾಗಿಸಿದರೆ 367 ಯೂನಿಟ್ಟಿಗಿಂತ ತುಸು ಹೆಚ್ಚು. ಪಂಪು ಮೋಟಾರುಗಳ ದಕ್ಷತೆ ನೂರಕ್ಕೆ 60 ಎಂದರೆ ಸುಮಾರು 612 ಯೂನಿಟ್. ತಿಂಗಳಿಗೆ 18 ಸಾವಿರ ಯೂನಿಟ್ ಮೀರಿತು. ಕೊಳವೆಯೊಳಗಿನ ಘರ್ಷಣೆ, ದೂರ, ಶುದ್ಧೀಕರಣ ಇವು ಬೇರೆ. ಕೃಷ್ಣರಾಜಪೇಟೆಯ ಹತ್ತಿರ ಹೇಮಾವತಿ ಇದೆ, ಶ್ರೀರಂಗಪಟ್ಟಣದ ಸುತ್ತ ಕಾವೇರಿಯೇ ಇದ್ದಾಳೆ. ನಾಗಮಂಗಲಕ್ಕೆ ಹೊಳೆಯ ದಂಡೆಯಿಲ್ಲ. ದೂರ, ಎತ್ತರ ಹೆಚ್ಚಿದಂತೆ ಬಿಲ್ಲೂ ಹೆಚ್ಚುತ್ತದೆ. ಭೌತಶಾಸ್ತ್ರಕ್ಕೆ ಯಾವ ಪಕ್ಷದ ಹಂಗೂ ಇಲ್ಲ.

ಹೀಗೆ ಎತ್ತಿದ ನೀರಿನಲ್ಲಿ ನೂರಕ್ಕೆ 20 ಪಾಲು ಒಡೆದ ಪೈಪು, ತಿರುಪಿಲ್ಲದ ಬೀದಿನಲ್ಲಿಗಳಲ್ಲಿ ಸೋರಿದರೆ ದಿನಕ್ಕೆ 120 ಯೂನಿಟ್ಟಿಗೂ ಹೆಚ್ಚು ವಿದ್ಯುತ್ ಚರಂಡಿಯಲ್ಲಿ ಹರಿದಂತೆ. ವರ್ಷಕ್ಕೆ 44 ಸಾವಿರ ಯೂನಿಟ್ ದಾಟುತ್ತದೆ. ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆ ಉಳಿತಾಯಕ್ಕೆ ಮಾತ್ರವಲ್ಲ, ನಷ್ಟಕ್ಕೂ ಸಲ್ಲುತ್ತದೆ.

ಬಳಸಿದ ನೀರು ಎಲ್ಲಿಗೆ ಹೋಯಿತು?

ದ್ರವ್ಯ ನಾಶವಾಗುವುದಿಲ್ಲ ಎಂದು ಓದಿದ್ದೀರಿ. ನಾವು ಬಳಸಿದ ನೀರಿನಲ್ಲಿ ನೂರಕ್ಕೆ ಸುಮಾರು 80 ಪಾಲು ಕೊಳಚೆಯಾಗಿ ಹೊರಬರುತ್ತದೆ. ನಮ್ಮ ಲೆಕ್ಕದ ಊರಿನಲ್ಲಿ ದಿನಕ್ಕೆ 27 ಲಕ್ಷ ಲೀಟರ್. ಅದು ಶುದ್ಧವಾಗದೆ ಹೊಳೆ ಸೇರಿದರೆ ಅದರಲ್ಲಿನ ಸಾವಯವ ವಸ್ತುವನ್ನು ಕೊಳೆಯಿಸುವ ಬ್ಯಾಕ್ಟೀರಿಯಾಗಳು ನೀರಿನ ಆಮ್ಲಜನಕವನ್ನು ಬಳಸಿಬಿಡುತ್ತವೆ. ಮೀನಿಗೆ ಉಸಿರು ಕಟ್ಟುತ್ತದೆ. ಶ್ರೀರಂಗಪಟ್ಟಣದ ಕೆಳಗೆ ಬನ್ನೂರಿದೆ, ತಿರುಮಕೂಡಲು ನರಸೀಪುರವಿದೆ. ಬೆಂಗಳೂರಿಗೆ ಹೋಗುವ ಕಾವೇರಿ ನೀರನ್ನು ಎತ್ತುವುದೂ ಕೆಳಗಡೆಯೇ. ಮೇಲಿನ ಊರಿನ ಚರಂಡಿ ಕೆಳಗಿನ ಊರಿನ ನಲ್ಲಿಯ ಮೂಲವಾಗುತ್ತದೆ. 1995ರಲ್ಲಿ ಆರಂಭವಾದ ರಾಷ್ಟ್ರೀಯ ನದಿ ಸಂರಕ್ಷಣಾ ಯೋಜನೆಗೆ ಆರಿಸಿದ ಕಾವೇರಿ ದಂಡೆಯ ಊರುಗಳಲ್ಲಿ ಶ್ರೀರಂಗಪಟ್ಟಣವೂ ಸೇರಿದ್ದು ಇದೇ ಕಾರಣಕ್ಕೆ.

ಚರಂಡಿಯನ್ನು ಹಗುರವಾಗಿ ಕಾಣಬಾರದೆಂಬುದಕ್ಕೆ ಈ ಊರಿನ ಚರಿತ್ರೆಯೇ ಸಾಕ್ಷಿ. 1799ರಲ್ಲಿ ಟಿಪ್ಪುವನ್ನು ಸೋಲಿಸಿ ಕೋಟೆಯೊಳಗೆ ಬೀಡುಬಿಟ್ಟ ಬ್ರಿಟಿಷ್ ಸೈನ್ಯವನ್ನು ಜ್ವರ ಕಾಡಿತು. ಕೊನೆಗೆ 1809ರಲ್ಲಿ ಸೈನ್ಯದ ಠಾಣ್ಯ ಬೆಂಗಳೂರಿಗೆ ಹೋಯಿತು, ಅಲ್ಲಿ ದಂಡು ಪ್ರದೇಶ ಬೆಳೆಯಿತು. ಫಿರಂಗಿಗೆ ಅಂಜದವರನ್ನು ಸೊಳ್ಳೆ ಓಡಿಸಿತು. ಮಲೇರಿಯಾ ಹರಡುವುದು ಸೊಳ್ಳೆಯಿಂದ ಎಂಬುದಕ್ಕೆ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಆಧಾರ ಕಂಡುಕೊಂಡದ್ದು 1897ರ ಆಗಸ್ಟ್‌ನಲ್ಲಿ. ಅಂದಿನವರಿಗೆ ಕಾರಣ ಗೊತ್ತಿರಲಿಲ್ಲ, ನಮಗೆ ಗೊತ್ತಿದೆ. ಆದ್ದರಿಂದ ಬಜೆಟ್ಟಿನಲ್ಲಿ ‘ಚರಂಡಿ ಹೂಳೆತ್ತುವುದು’ ಎಂಬ ಸಾಲನ್ನು ಆರೋಗ್ಯದ ಸಾಲೆಂದೇ ಓದಬೇಕು.

ಆ ಕೆಲಸ ಮಾಡುವವರ ಲೆಕ್ಕವನ್ನೂ ಹಾಕಿ. ನಮ್ಮ ರಾಜ್ಯ ಅನುಸರಿಸಿಕೊಂಡು ಬಂದ ಮಾನದಂಡ 700 ಜನಕ್ಕೆ ಒಬ್ಬ ಪೌರಕಾರ್ಮಿಕರು. 25 ಸಾವಿರ ಜನರ ಊರಿಗೆ ಸುಮಾರು 36 ಮಂದಿ. ನಿಮ್ಮ ಊರಿನಲ್ಲಿ ಎಷ್ಟು ಜನರಿದ್ದಾರೆ, ಅವರಿಗೆ ಕೈಗವಸು, ಗಂಬೂಟು, ತಿಂಗಳ ಸಂಬಳ ಸರಿಯಾಗಿ ಸಿಗುತ್ತದೆಯೇ ಎಂದು ಕೇಳುವುದೂ ಬಜೆಟ್ ಓದಿನ ಭಾಗವೇ.

ಚಲನ್‌ನಲ್ಲಿ ಅಡಗಿರುವ ಗ್ರಂಥಾಲಯ

ಮನೆಯಲ್ಲಿರುವ ಆಸ್ತಿ ತೆರಿಗೆ ಚಲನ್ ತೆಗೆದು ನೋಡಿ. ತೆರಿಗೆಯ ಮೇಲೆ ಕೆಲವು ಉಪಕರಗಳು ಕಾಣುತ್ತವೆ: ಆರೋಗ್ಯಕ್ಕೆ ನೂರಕ್ಕೆ 15, ಗ್ರಂಥಾಲಯಕ್ಕೆ 6, ಭಿಕ್ಷುಕರ ಪುನರ್ವಸತಿಗೆ 3. ಗ್ರಂಥಾಲಯ ಕರಕ್ಕೆ ಮೂಲ 1965ರ ಸಾರ್ವಜನಿಕ ಗ್ರಂಥಾಲಯಗಳ ಕಾನೂನು. 1,000 ರೂಪಾಯಿ ತೆರಿಗೆಯಲ್ಲಿ 60 ರೂಪಾಯಿ ನೀವು ಓದುವ ಪುಸ್ತಕಕ್ಕೆಂದು ನಿಮ್ಮ ತಂದೆ ಕಟ್ಟಿದ್ದಾರೆ. ನಮ್ಮ ಕಾಲ್ಪನಿಕ ಊರಿನಲ್ಲಿ ತೆರಿಗೆ ಪೂರ್ತಿ ವಸೂಲಾದರೆ ವರ್ಷಕ್ಕೆ 4 ಲಕ್ಷ 80 ಸಾವಿರ. ಈ ಹಣ ಪುರಸಭೆಯದಲ್ಲ. ಅದು ವಸೂಲು ಮಾಡಿ ಗ್ರಂಥಾಲಯ ಪ್ರಾಧಿಕಾರಕ್ಕೆ ದಾಟಿಸಬೇಕು. ಊರಿನ ಗ್ರಂಥಾಲಯದಲ್ಲಿ ಹೊಸ ಪುಸ್ತಕ ಬರಲಿಲ್ಲವೆಂದರೆ ಈ ಹಣ ವಸೂಲಾಯಿತೇ, ದಾಟಿತೇ ಎಂದು ವಿಚಾರಿಸಬಹುದು.

ತೆರಿಗೆ ಕಟ್ಟದವರಿಗೂ ಒಂದು ಮಾತು. 2002ರಿಂದ ನಮ್ಮ ಊರುಗಳಲ್ಲಿ ಸ್ವಯಂ ಘೋಷಿತ ಆಸ್ತಿ ತೆರಿಗೆ ಪದ್ಧತಿ ಬಂದಿದೆ. ಏಪ್ರಿಲ್‌ನಲ್ಲೇ ಕಟ್ಟಿದವರಿಗೆ ನೂರಕ್ಕೆ 5 ರಿಯಾಯಿತಿ, ಜೂನ್ ದಾಟಿದರೆ ತಿಂಗಳಿಗೆ ನೂರಕ್ಕೆ 2 ದಂಡ ಎಂಬುದು ಅದರ ಕ್ರಮ. ಖಾತೆ ಬೇಕಾದಾಗ, ಸಾಲ ಬೇಕಾದಾಗ ಮಾತ್ರ ಬಾಕಿಯ ನೆನಪು ಮಾಡಿಕೊಳ್ಳುವವರು ನಲ್ಲಿಯ ಮುಂದೆ ನಿಂತು ಬಯ್ಯುವಾಗ ಆ ಬಾಕಿಯನ್ನೂ ನೆನೆಯುವುದು ನ್ಯಾಯ. ತೆರಿಗೆ ಕಟ್ಟಿದವನ ಪ್ರಶ್ನೆಗೆ ತೂಕ ಹೆಚ್ಚು.

ಊರಿನ ಕಟ್ಟಳೆ ಯಾರು ಬರೆಯುತ್ತಾರೆ?

ವಿಧಾನಸಭೆ ಕಾನೂನು ಮಾಡಿದಂತೆ ಪುರಸಭೆ ತನ್ನ ಊರಿನ ಮಟ್ಟಿಗೆ ಉಪವಿಧಿಗಳನ್ನು, ಅಂದರೆ ಬೈಲಾಗಳನ್ನು ಮಾಡಬಹುದು. ಕಸ ಎಲ್ಲಿ ಹಾಕಬೇಕು, ಮಾಂಸದಂಗಡಿ ಹೇಗಿರಬೇಕು, ಮಾರುಕಟ್ಟೆಯಲ್ಲಿ ಯಾವ ಶುಲ್ಕ ಎಂಬಂಥವು. ಆದರೆ ಮನಸ್ಸಿಗೆ ಬಂದಂತೆ ಬರೆಯುವಂತಿಲ್ಲ. ಕರಡನ್ನು ಪ್ರಕಟಿಸಬೇಕು, ಜನರಿಂದ ಆಕ್ಷೇಪಣೆ ಕರೆಯಬೇಕು, ಸರ್ಕಾರದ ಒಪ್ಪಿಗೆ ಪಡೆಯಬೇಕು. ಪುರಸಭೆಯ ಸೂಚನಾ ಫಲಕದಲ್ಲಿ ಅಂಟಿಸಿದ ಕಾಗದವನ್ನು ನಾವು ಓದದೆ ಬಿಟ್ಟು, ದಂಡ ಬಿದ್ದ ಮೇಲೆ ‘ನಮಗೆ ಯಾರೂ ಹೇಳಲೇ ಇಲ್ಲ’ ಎನ್ನುತ್ತೇವೆ.

2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹಸಿ ಕಸ, ಒಣ ಕಸ, ಅಪಾಯಕಾರಿ ಕಸವನ್ನು ಮನೆಯಲ್ಲೇ ಬೇರೆ ಮಾಡಬೇಕೆಂದು ಹೇಳಿ, ಅದಕ್ಕೆ ತಕ್ಕ ಉಪವಿಧಿ ಮಾಡಿಕೊಳ್ಳಲು ಸ್ಥಳೀಯ ಸಂಸ್ಥೆಗಳಿಗೆ ಸೂಚಿಸಿದವು. ನಿಯಮ ದೆಹಲಿಯಲ್ಲಿ ಹುಟ್ಟಿದರೂ ಅದು ಜೀವ ಪಡೆಯುವುದು ಅಡುಗೆಮನೆಯಲ್ಲಿ. ಬೇರೆ ಮಾಡಿದ ಹಸಿ ಕಸ ಗಾಳಿಯಾಡುವಂತೆ ಕೊಳೆತರೆ ಗೊಬ್ಬರ. ಪ್ಲಾಸ್ಟಿಕ್ಕಿನ ಜೊತೆ ಕಟ್ಟಿ ರಾಶಿಯ ತಳಕ್ಕೆ ಎಸೆದರೆ ಆಮ್ಲಜನಕವಿಲ್ಲದೆ ಕೊಳೆತು ಮೀಥೇನ್ ಅನಿಲ, ದುರ್ನಾತ, ಕೆಲವೊಮ್ಮೆ ಬೆಂಕಿ.

ಕೆಲವೊಮ್ಮೆ ಊರಿನ ಕಟ್ಟಳೆಯ ಮೇಲೆ ಇನ್ನೊಂದು ಕಾನೂನು ಕೂತಿರುತ್ತದೆ. ಶ್ರೀರಂಗಪಟ್ಟಣದ ಕೋಟೆಯೊಳಗಿನವರಿಗೆ ಇದು ಚೆನ್ನಾಗಿ ಗೊತ್ತು. 1958ರ ಪ್ರಾಚೀನ ಸ್ಮಾರಕಗಳ ಕಾನೂನಿಗೆ 2010ರಲ್ಲಿ ಆದ ತಿದ್ದುಪಡಿಯಂತೆ ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ. ಅಲ್ಲಿಂದಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಹಳೆಯ ಮನೆಯ ದುರಸ್ತಿಗೂ ಅನುಮತಿ ಬೇಕು. ಸ್ಮಾರಕ ನಾಡಿನ ಆಸ್ತಿ, ಅದು ಉಳಿಯಬೇಕು. ಮಳೆಗೆ ಸೋರುವ ಸೂರಿನಡಿ ಮಕ್ಕಳನ್ನು ಓದಿಸುವವರ ಕಷ್ಟವೂ ಸುಳ್ಳಲ್ಲ. ಎರಡನ್ನೂ ತೂಗಿ, ಅನುಮತಿಯ ಅರ್ಜಿ ಬೇಗ ಮುಗಿಯುವ ದಾರಿ ಹುಡುಕುವುದೇ ಆಡಳಿತದ ಜಾಣ್ಮೆ.

ಕೇಳುವವರಿಲ್ಲದ ದಿನಗಳು

ಸದಸ್ಯರು ಜಗಳವಾಡುತ್ತಾರೆ, ಸಭೆಯಲ್ಲಿ ಗದ್ದಲ ಎಂದು ಬೇಸರಪಡುವವರಿದ್ದಾರೆ. ಆದರೆ ಗದ್ದಲವೂ ಇಲ್ಲದ ಸ್ಥಿತಿ ಇನ್ನೂ ಕೆಟ್ಟದ್ದು. ನಮ್ಮ ರಾಜ್ಯದಲ್ಲಿ 2018ರಲ್ಲಿ ಚುನಾಯಿತರಾದ ಎಷ್ಟೋ ಸದಸ್ಯರು, ಅಧ್ಯಕ್ಷ ಉಪಾಧ್ಯಕ್ಷರ ಮೀಸಲಾತಿ ಪಟ್ಟಿ ನ್ಯಾಯಾಲಯದ ಮೆಟ್ಟಿಲೇರಿದ್ದರಿಂದ, 2020ರ ಕೊನೆಯವರೆಗೂ ಅಧ್ಯಕ್ಷರಿಲ್ಲದೆ ಕಾಯಬೇಕಾಯಿತು. ಗೆದ್ದಿದ್ದರು, ಆದರೆ ಸಭೆಯಲ್ಲಿ ಕೂರುವಂತಿರಲಿಲ್ಲ. 2023ರಲ್ಲಿ ಮೊದಲ ಮೂವತ್ತು ತಿಂಗಳ ಅವಧಿ ಮುಗಿದಾಗಲೂ ಎರಡನೆಯ ಅವಧಿಗೆ 2024ರವರೆಗೆ ಕಾಯುವಂತಾಯಿತು. ಆ ದಿನಗಳಲ್ಲಿ ಬಜೆಟ್ಟಿಗೆ ಒಪ್ಪಿಗೆ ಕೊಟ್ಟವರು ಆಡಳಿತಾಧಿಕಾರಿಗಳು. ಅವರು ದಕ್ಷರೇ ಇರಬಹುದು. ಆದರೆ ಇಂಥ ಬೀದಿಯ ಇಂಥ ನಲ್ಲಿಗೆ ಮೂರು ದಿನದಿಂದ ನೀರಿಲ್ಲ ಎಂದು ಮನೆ ಬಾಗಿಲಿಗೇ ಹೋಗಿ ಬಯ್ಯಲು ಸಿಗುವವರು ವಾರ್ಡಿನ ಸದಸ್ಯರು ಮಾತ್ರ. ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕೆಂದು ಸಂವಿಧಾನ ಹೇಳಿರುವುದು ಇದಕ್ಕಾಗಿಯೇ.

ನಾವೇನು ಮಾಡಬಹುದು?

ದಾರಿಗಳಿವೆ. ಬಜೆಟ್ಟಿಗೆ ಮುಂಚೆ ಪುರಸಭೆ ಪೂರ್ವಭಾವಿ ಸಭೆ ಕರೆದು ಜನರ ಸಲಹೆ ಕೇಳುತ್ತದೆ. ಅಲ್ಲಿ ಖಾಲಿ ಕುರ್ಚಿಗಳೇ ಹೆಚ್ಚೆಂಬುದು ನಮ್ಮೆಲ್ಲರ ಪಾಲಿನ ಅಪಕೀರ್ತಿ. 2005ರ ಮಾಹಿತಿ ಹಕ್ಕು ಕಾನೂನಿನಂತೆ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಕೊಟ್ಟರೆ 30 ದಿನಗಳಲ್ಲಿ ಮಾಹಿತಿ ಕೊಡಬೇಕು. ಬಜೆಟ್ಟನ್ನಂತೂ ಕೇಳದೆಯೇ ಪ್ರಕಟಿಸಬೇಕೆಂದು ಅದೇ ಕಾನೂನು ಹೇಳುತ್ತದೆ. 2012ರಲ್ಲಿ ಆರಂಭವಾದ ‘ಸಕಾಲ’ ವ್ಯವಸ್ಥೆಯಲ್ಲಿ ಅರ್ಜಿಗೆ 15 ಅಂಕಿಯ ಸಂಖ್ಯೆಯೊಂದನ್ನು ಕೊಡುತ್ತಾರೆ. ಗೊತ್ತುಪಡಿಸಿದ ದಿನ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಲು ಅವಕಾಶವಿದೆ. ಅರ್ಜಿ ಕೊಟ್ಟು ಸುಮ್ಮನೆ ಬರಬೇಡಿ, ಆ ಸಂಖ್ಯೆಯನ್ನು ಬರೆಸಿಕೊಂಡು ಬನ್ನಿ.

ಇನ್ನು ನಿಮಗೆ, ವಿದ್ಯಾರ್ಥಿಗಳೇ, ಬೇಸಿಗೆ ರಜೆಗೆ ಒಂದು ಮನೆಗೆಲಸ. ನಿಮ್ಮ ಬೀದಿಯಲ್ಲಿ ಎಷ್ಟು ದೀಪಕಂಬಗಳಿವೆ, ಎಷ್ಟು ಉರಿಯುತ್ತವೆ, ಎಷ್ಟು ಹಗಲಿನಲ್ಲೂ ಉರಿಯುತ್ತವೆ ಎಂದು ಒಂದು ವಾರ ಬರೆದಿಡಿ. ಸೋರುವ ನಲ್ಲಿಯ ಕೆಳಗೆ ಒಂದು ಬಕೆಟ್ ಇಟ್ಟು ಎಷ್ಟು ನಿಮಿಷಕ್ಕೆ ತುಂಬಿತೆಂದು ನೋಡಿ, ದಿನದ ಲೆಕ್ಕ ಹಾಕಿ. ನೀರು ಬಂದ ದಿನ, ಗಂಟೆ ಗುರುತು ಹಾಕಿ. ಮನೆಯ ಚಲನ್‌ನಲ್ಲಿ ಗ್ರಂಥಾಲಯ ಕರ ಎಷ್ಟೆಂದು ನೋಡಿ. ಎಲ್ಲವನ್ನೂ ಒಂದು ಹಾಳೆಯಲ್ಲಿ ಕೋಷ್ಟಕವಾಗಿ ಬರೆದು, ದೊಡ್ಡವರ ಸಹಿ ಹಾಕಿಸಿ, ಮುಖ್ಯಾಧಿಕಾರಿಗಳಿಗೂ ವಾರ್ಡಿನ ಸದಸ್ಯರಿಗೂ ಒಂದೊಂದು ಪ್ರತಿ ಕೊಟ್ಟು ಸ್ವೀಕೃತಿ ಪಡೆಯಿರಿ. ಬರೀ ದೂರನ್ನು ‘ನೋಡೋಣ’ ಎಂದು ಬದಿಗಿಡುವುದು ಸುಲಭ. ದಿನಾಂಕ, ಅಂಕಿ ಇರುವ ಕೋಷ್ಟಕವನ್ನು ಬದಿಗಿಡುವುದು ಅಷ್ಟು ಸುಲಭವಲ್ಲ.

ಮುಂದಿನ ವಾರ: ತೊಟ್ಟಿಯ ನೀರಿಗೆ ಕ್ಲೋರಿನ್ ಎಷ್ಟು ಹಾಕಬೇಕು, ಮನೆಯ ನಲ್ಲಿಯಲ್ಲಿ ಅದು ಉಳಿದಿದೆಯೇ ಎಂದು ಶಾಲೆಯಲ್ಲೇ ಪರೀಕ್ಷಿಸುವುದು ಹೇಗೆ?